ಹದಿನೇಳನೆಯ ಮೊಳೆ

ಚಟ್ಟಕ್ಕೆ ಒಂದು ಗಳ ಕಡಿಮೆ ಬಿದ್ದು, ಆರುಮುಗಂ ಪಾರ್ಕಿನ ಬೇಲಿಯ ಬಿದಿರನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದ. ಅದು ಕಿತ್ತು ಬಂದ ರಭಸಕ್ಕೆ ಆಯ ತಪ್ಪಿ, ಹಿಂದಿದ್ದ ಹೊಂಗೆಗಿಡದ ಪಾತಿಯೊಳಗೆ ಕುಕ್ಕರಿಸಿದ. ಏಳಲು ಕೈಯೂರಿದರೆ ಅಂಗೈಗೆ ಹತ್ತಿದ್ದು ಬರೀ ಧೂಳು. ಪಾತಿಯ ಮಣ್ಣು ಒಲೆಯ ಬೂದಿಯ ಹಾಗೆ ಪುಡಿಪುಡಿಯಾಗಿತ್ತು.

ಅದು ಅವನದೇ ಗಿಡ, ಹನ್ನೆರಡನೆಯ ನಂಬರು. ತಲೆಯೆತ್ತಿ ನೋಡಿದ. ಎಲೆಗಳೆಲ್ಲ ಮಡಚಿಕೊಂಡು ಜೋತಿದ್ದವು. ಪಕ್ಕದ ಬೇವಿನ ಪಾತಿಗೆ ಬೆರಳು ತೂರಿಸಿದ. ಒಣಗಿತ್ತು. ಅದರಾಚೆಯ ನೇರಳೆ. ಅದೂ. ಬಿದಿರನ್ನು ಅಲ್ಲೇ ಬಿಸಾಡಿ ಸಾಲಿನುದ್ದಕ್ಕೂ ಓಡಿದ. ಒಂದೊಂದು ಪಾತಿಗೂ ಬಗ್ಗಿ ಬೆರಳಿಟ್ಟು, ಕೊನೆಯ ಮೂವತ್ತೊಂದನೆಯದನ್ನು ಮುಟ್ಟುವ ಹೊತ್ತಿಗೆ ಏದುಸಿರು ಬಂದಿತ್ತು. ಆಮೇಲೆ ಬಿದಿರಿನ ನೆನಪಾಗಿ ಹಿಂದಕ್ಕೆ ಬಂದು, ಅದನ್ನು ಹೆಗಲಿಗೇರಿಸಿಕೊಂಡು ಲೈನಿನ ಕಡೆ ಓಡಿದ.

ಚಾಂಪಿಯನ್ ರೀಫ್ಸ್‌ನ ಆ ಲೈನಿನಲ್ಲಿ ಗಣಿ ಕೆಲಸಗಾರರ ಮೂವತ್ತೊಂದು ಮನೆ. ಹದಿನೇಳನೆಯ ಮನೆಯ ಮುಂದೆ ಗೋಣಿತಾಟಿನ ನೆರಳು ಕಟ್ಟಿ, ಹಲಗೆಯ ಮೇಲೆ ಕೋದಂಡಪ್ಪನನ್ನು ಮಲಗಿಸಿದ್ದರು. ಐವತ್ತೆರಡು ವರ್ಷದ ಆಳು. ಸುರಂಗದ ತಲೆ ಕುಸಿಯದಂತೆ ಮರದ ದಿಮ್ಮಿ ನಿಲ್ಲಿಸುವ ಕೆಲಸದಲ್ಲಿ ಇಪ್ಪತ್ತೇಳು ವರ್ಷ ಕಳೆದವನು. ಮಂಗಳವಾರ ಸಂಜೆ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದ್ದ. ಶುಕ್ರವಾರ ಸಂಜೆ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಮಣ್ಣು ಹಾಕಬೇಕಾದ ತಮ್ಮ ಚಿಕ್ಕಮುನಿಯಪ್ಪ, ಕ್ಯಾಸಂಬಳ್ಳಿಯ ಆಚೆಯ ಊರಿನಿಂದ ಮೊದಲ ಬಸ್ಸಿಗೆ ಬಂದಿಳಿದು, ಬಂದಾಗಿನಿಂದ ಎಲ್ಲರಿಗೂ ಕೆಲಸ ಹೇಳುತ್ತಿದ್ದ. ಅಂದಿನಿಂದ ಲೈನಿನ ಗಂಡಸರಿಗೆಲ್ಲ ಎರಡನೇ ಪಾಳಿ. ಎರಡು ಗಂಟೆಗೆ ಸೈರನ್ನು ಕೂಗುವುದರೊಳಗೆ ಎಲ್ಲವೂ ಮುಗಿಯಬೇಕಿತ್ತು.

"ಏನ್ಲಾ ಆರುಮುಗಂ, ಒಂದು ಬಿದಿರು ತರಕ್ಕೆ ಬಂಗಾರಪೇಟೆಗೆ ಓಗಿದ್ಯಾ?" ಎಂದ ಪೆರುಮಾಳ್. ಗಣಿಯಿಂದ ನಿವೃತ್ತನಾದ ಮುದುಕ. ಮಾತಿಗೊಂದು ಕೆಮ್ಮು.

ಆರುಮುಗಂ ಅವನ ಕಡೆ ನೋಡಲಿಲ್ಲ. ಹೆಣದ ತಲೆಯ ಬಳಿ ಕೂತಿದ್ದ ಅಮ್ಮಾಜಮ್ಮನ ಮುಂದೆ ನಿಂತ. ಹದಿನೈದು ವರ್ಷ ಕೋದಂಡಪ್ಪನ ಜೊತೆ ಗಣಿಗಿಳಿದವನು, ಅವನ ಹೆಂಡತಿಯನ್ನು ತಮಿಳಿನಲ್ಲಿ ಅಣ್ಣಿ, ಅತ್ತಿಗೆ, ಎಂದೇ ಕರೆಯುತ್ತಿದ್ದ.

"ಅಣ್ಣಿ, ಗಿಡ ಎಲ್ಲಾ ಬಾಡೋಗವೆ. ಮೂವತ್ತೊಂದೂ. ನೀರು ಕಂಡು ಮೂರು ದಿನ ಆಗೈತೆ."

"ಎಣ ಮುಂದಿಟ್ಕೊಂಡು ಗಿಡದ ಪುರಾಣ ಏನಯ್ಯಾ?" ಎಂದ ಚಿಕ್ಕಮುನಿಯಪ್ಪ.

ಪಕ್ಕದ ಮನೆಯ ಮಾರಿಯಮ್ಮ ಮಾತ್ರ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಸುಳ್ಳೇಳ್ಬೇಡ. ನಮ್ ಬಿಲ್ಲೆ ಮೊಳೇಲೈತೆ. ನಿನ್ನೆ ಕಣ್ಣಾರೆ ನೋಡಿವ್ನಿ."

"ಎಲ್ಲಾರ್ದೂ ಮೊಳೇಲೈತೆ."

"ಮತ್ತೆ? ಮೊಳೇಲಿದ್ರೆ ನೀರು ಬಿದ್ದಂಗಲ್ವಾ?"

"ನೀನು ಉಯ್ದಾ?"

"ನಾನೆಲ್ಲಿ? ಬೆಳಗ್ಗೆ ಬಾಗಿಲಲ್ಲಿ ಬಿಲ್ಲೆ ಇರ್ಲಿಲ್ಲ. ನಮ್ಮೆಜಮಾನ್ರು ಎದ್ದು ಉಯ್ದು ಬಂದವ್ರೆ ಅಂದ್ಕೊಂಡೆ."

ಅವಳ ಗಂಡ ಕುಪ್ಪುಸ್ವಾಮಿ ಚಟ್ಟದ ಹಗ್ಗ ಬಿಗಿಯುತ್ತಿದ್ದವನು ಕೈ ನಿಲ್ಲಿಸಿದ. "ನಾನು ನೀನು ಉಯ್ದೆ ಅಂದ್ಕೊಂಡೆ ಕಣೇ."

ಒಂದೊಂದು ಮನೆಯವರೂ ತಮ್ಮ ತಮ್ಮ ಮೂರು ಬೆಳಗನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಿಕೊಳ್ಳುತ್ತಿದ್ದ ಹಾಗಿತ್ತು. ಆಮೇಲೆ ಎಲ್ಲರೂ ಒಟ್ಟಿಗೇ ಎದ್ದು ಪಾರ್ಕಿನ ಕಡೆ ಓಡಿದರು. ಅಮ್ಮಾಜಮ್ಮ ಒಮ್ಮೆ ಗಂಡನ ಮುಖ ನೋಡಿದಳು. ಅವನ ಹಣೆಯ ಮೇಲಿನ ನೊಣವನ್ನು ಅಟ್ಟಿದಳು. ಎದ್ದು ಅವಳೂ ಹೊರಟಳು.

"ಅತ್ಗೆ," ಚಿಕ್ಕಮುನಿಯಪ್ಪನ ದನಿ ಗಡುಸಾಯಿತು, "ಎಲ್ಲಿಗೆ? ನೀನು ಇಲ್ಲಿಂದ ಏಳಂಗಿಲ್ಲ."

"ಇಲ್ಲೇ ಓಗಿ ಬತ್ತೀನಿ. ನೀನು ಕೂತಿರು," ಎಂದಳು ಅವಳು. ಅವಳು ತಿರುಗಿ ನೋಡಲಿಲ್ಲ.

ಪಾರ್ಕಿನ ಬಾಗಿಲಲ್ಲಿ ಎರಡು ಕಂಬದ ನಡುವೆ ಹಲಗೆ. ಹಲಗೆಯಲ್ಲಿ ಮೂವತ್ತೊಂದು ಮೊಳೆ. ಮೊಳೆಮೊಳೆಗೂ ಒಂದೊಂದು ತಗಡಿನ ಬಿಲ್ಲೆ, ಬಿಸಿಲಿಗೆ ಮಿರಮಿರ ಹೊಳೆಯುತ್ತಿದ್ದವು. ಒಂದೂ ಕಡಿಮೆ ಇರಲಿಲ್ಲ.

*

ಗಣಿಗೆ ಇಳಿಯುವವನು ಹಲಗೆಯಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಇಳಿಯಬೇಕು. ಮೇಲೆ ಬಂದವನು ಅದೇ ಮೊಳೆಗೆ ತೂಗುಹಾಕಬೇಕು. ಮೊಳೆ ಖಾಲಿ ಇದ್ದರೆ ಆಳು ಇನ್ನೂ ಕೆಳಗಿದ್ದಾನೆ ಎಂದು ಅರ್ಥ. ಮೊಳೆ ತುಂಬುವವರೆಗೆ ಮೇಲಿರುವವರಿಗೆ ನೆಮ್ಮದಿಯಿಲ್ಲ. ಕೆಳಗೆ ಬಂಡೆ ಸಿಡಿದು ನೆಲ ನಡುಗಿದ ದಿನ ಹೆಂಗಸರು ಮಕ್ಕಳು ಓಡಿ ಬಂದು ಮೊದಲು ನೋಡುತ್ತಿದ್ದದ್ದು ಆ ಹಲಗೆಯನ್ನು.

ಪಾರ್ಕಿಗೂ ಕೋದಂಡಪ್ಪ ಅದನ್ನೇ ತಂದ. ಸೀಮೆಎಣ್ಣೆ ಡಬ್ಬ ಕತ್ತರಿಸಿ ಮೂವತ್ತೊಂದು ಬಿಲ್ಲೆ ಮಾಡಿ, ಮೊಳೆಯಿಂದ ಕುಟ್ಟಿ ನಂಬರು ಮೂಡಿಸಿದ. ಮನೆಗೊಂದು ಗಿಡ, ಗಿಡಕ್ಕೊಂದು ಬಿಲ್ಲೆ. ಬೆಳಗಿನ ಜಾವ ಎದ್ದು ಬಿಲ್ಲೆಗಳನ್ನು ಮನೆಮನೆಯ ಹೊಸ್ತಿಲ ಮೇಲಿಟ್ಟು ಬರುತ್ತಿದ್ದ. ಮನೆಯವರು ಅಕ್ಕಿ ತೊಳೆದದ್ದು, ಪಾತ್ರೆ ಬಳಿದದ್ದು, ಮುಖ ತೊಳೆದದ್ದು ಎಲ್ಲವನ್ನೂ ಒಂದು ಕೊಡಕ್ಕೆ ಸುರಿದಿಟ್ಟು, ಸಂಜೆಯೊಳಗೆ ತಮ್ಮ ಗಿಡಕ್ಕೆ ಹುಯ್ದು, ಬಿಲ್ಲೆಯನ್ನು ಮೊಳೆಗೆ ಹಾಕಬೇಕು.

ಹಾಕದವರನ್ನು ಅವನು ಬೈಯುತ್ತಿರಲಿಲ್ಲ. ಬೈದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು ಎಂದು ಮಾರಿಯಮ್ಮ ಎಷ್ಟೋ ಸಲ ಹೇಳಿದ್ದಳು. ಅವನು ಬಂದು ಆ ಮನೆಯ ಬಾಗಿಲಲ್ಲಿ, ಒಂದು ಕೈಯನ್ನು ಚೌಕಟ್ಟಿಗೆ ಎತ್ತಿ ಊರಿ, ತಲೆ ತಗ್ಗಿಸಿ ನಿಂತುಬಿಡುತ್ತಿದ್ದ. ಒಂದು ಮಾತಿಲ್ಲ. ಒಳಗೆ ಊಟಕ್ಕೆ ಕೂತವರ ತುತ್ತು ಗಂಟಲಲ್ಲಿ ನಿಲ್ಲುತ್ತಿತ್ತು. "ಬಂದೆ ಸಾಮಿ, ಬಂದೆ. ಹಿಂಗೆ ನಿಂತ್ರೆ ಯಮ ಬಂದಂಗಾಗುತ್ತೆ," ಎಂದು ಯಾರಾದರೂ ಕೊಡ ಎತ್ತುವವರೆಗೆ ಆ ನಿಲುವು ಕದಲುತ್ತಿರಲಿಲ್ಲ.

ಎಲ್ಲರದೂ ಆದ ಮೇಲೆ ಕೊನೆಯದಾಗಿ ತನ್ನ ಹದಿನೇಳನೆಯದಕ್ಕೆ ಹುಯ್ದು ಬಿಲ್ಲೆ ಹಾಕುತ್ತಿದ್ದ. ತಗಡು ಮೊಳೆಗೆ ತಾಗಿ ಟಿಣ್ ಎನ್ನುತ್ತಿತ್ತು. ಅಷ್ಟು ದೂರದ ಮನೆಯೊಳಗೆ ಅಮ್ಮಾಜಮ್ಮನಿಗೆ ಅದು ಕೇಳಿಸುತ್ತಿತ್ತು. ಕೇಳಿಸಿದ ಮೇಲೆ ಅವಳು ತಟ್ಟೆ ಇಡುತ್ತಿದ್ದಳು. ಎರಡು ವರ್ಷದಲ್ಲಿ ಅವಳು ಆ ಹಲಗೆಯನ್ನು ಮುಟ್ಟಿದವಳಲ್ಲ. ಅದು ಅವನದಾಗಿತ್ತು. ತನ್ನ ಪಾಲಿನದು ಆ ಸದ್ದು ಎಂದುಕೊಂಡಿದ್ದಳು.

ಮಂಗಳವಾರವೂ ಬಿಲ್ಲೆ ಹಾಕಿ ಬಂದವನೇ ಎದೆ ಹಿಡಿದುಕೊಂಡದ್ದು. ಬುಧವಾರ ಬೆಳಿಗ್ಗೆ ಹೊಸ್ತಿಲ ಮೇಲೆ ಬಿಲ್ಲೆ ಇಡುವವರು ಇರಲಿಲ್ಲ. ಎಲ್ಲವೂ ಮೊಳೆಯಲ್ಲೇ ಉಳಿದವು. ಪಾರ್ಕು ಹಾಯ್ದು ಹೋಗುವ ಗಣಿಯವರೆಲ್ಲ ತಮ್ಮ ತಮ್ಮ ನಂಬರು ಮೊಳೆಯಲ್ಲಿರುವುದನ್ನು ನೋಡಿ ನೆಮ್ಮದಿಯಾಗಿ ಹೋಗಿದ್ದರು.

*

"ಮೊಳೆ ತುಂಬೈತೆ ಅಂತ ನಾನೂ ಓಗಿ ಮನಿಕ್ಕಂಡೆ," ಎಂದ ಆರುಮುಗಂ. ಅವನ ಕಣ್ಣು ಕೆಂಪಾಗಿತ್ತು. "ಮೂರು ದಿನ."

"ಎಲ್ಲಾರೂ ಮನಿಕ್ಕಂಡ್ವಿ," ಎಂದ ಪೆರುಮಾಳ್. "ಈಗ ಅಳೋದು ಬಿಟ್ಟು ನೀರು ಎಲ್ಲೈತೆ ನೋಡಿ."

ನೀರಿರಲಿಲ್ಲ. ಲೈನಿನಲ್ಲಿ ಹೆಣವಿರುವಾಗ ಯಾವ ಮನೆಯಲ್ಲೂ ಒಲೆ ಹಚ್ಚಿರಲಿಲ್ಲ. ಅಕ್ಕಿ ತೊಳೆದ ನೀರಿಲ್ಲ, ಪಾತ್ರೆಯ ನೀರಿಲ್ಲ. ಹಿಂದಿನ ಮೂರು ದಿನದ್ದನ್ನು ಬಿಲ್ಲೆ ಇಲ್ಲವೆಂದು ಚರಂಡಿಗೆ ಚೆಲ್ಲಿದ್ದರು. ಮೇ ತಿಂಗಳು, ಬೀದಿಯ ತುದಿಯ ನಲ್ಲಿ ದಿನ ಬಿಟ್ಟು ದಿನ, ಅರ್ಧ ಗಂಟೆ. ಆ ಶನಿವಾರ ನಲ್ಲಿಯ ದಿನ.

ಅಮ್ಮಾಜಮ್ಮ ಹದಿನೇಳನೆಯ ಗಿಡದ ಮುಂದೆ ಕೂತಿದ್ದಳು. ಅವಳ ಎದೆಮಟ್ಟಕ್ಕಿದ್ದ ನೇರಳೆ. ತುದಿಯ ಎಳೆ ಎಲೆ ಎರಡು ಬೆರಳಿನ ನಡುವೆ ಹಿಡಿದರೆ ಬಟ್ಟೆಯ ಹಾಗೆ ಮೆತ್ತಗಿತ್ತು. ಇನ್ನೂ ಮುರಿಯುವಷ್ಟು ಒಣಗಿರಲಿಲ್ಲ.

"ಇವತ್ತಿನ ಬಿಸಿಲು ತಡೀತದಾ ಆರುಮುಗಂ?"

"ಸಂಜೆತನಕ ಬಿಟ್ರೆ ಇಲ್ಲ ಅಣ್ಣಿ. ಅಣ್ಣ ಏಳ್ತಿದ್ನಲ್ಲ, ನೀರಿಲ್ದೆ ಮೂರು ದಿನಾನೇ ಇದಕ್ಕೆ ಗಡುವು ಅಂತ."

ಅವಳು ಎದ್ದು, ಎಲ್ಲರ ಜೊತೆ ಮನೆಯ ಕಡೆ ಬಂದಳು. ಅಷ್ಟರಲ್ಲಿ ಬೀದಿಯ ತುದಿಯಿಂದ ಹೆಣ್ಣುದನಿಯೊಂದು ಮನೆಮನೆಗೂ ಕೇಳುವಂತೆ ಕೂಗಿತು: "ತಣ್ಣಿ ವಂದಾಚ್ಚು!"

ನೀರು ಬಂತೆಂಬ ಆ ಕೂಗಿಗೆ ಸಾವಿನ ಬೀದಿಯೂ ಒಂದು ಗಳಿಗೆ ಸಾವನ್ನು ಮರೆಯಿತು. ಕೊಡಗಳು ಬಾಗಿಲುಗಳಿಂದ ಹಾರಿ ಬಂದ ಹಾಗೆ ಬಂದವು. ಹಿತ್ತಾಳೆ, ತಗಡು, ಮಣ್ಣು. ಹೆಣದ ಕಾಲ ಬಳಿ ಬಂದಾಗ ಮಾತ್ರ ಪ್ರತಿಯೊಬ್ಬಳೂ ನಡಿಗೆ ನಿಧಾನ ಮಾಡಿ, ಸೆರಗು ಸರಿಮಾಡಿ, ದಾಟಿದ ಮೇಲೆ ಮತ್ತೆ ಓಡುತ್ತಿದ್ದಳು. ಚಿಕ್ಕಮುನಿಯಪ್ಪ ಇದನ್ನೆಲ್ಲ ಬೆರಗಾಗಿ ನೋಡುತ್ತ ನಿಂತ.

"ಇದೇನು ಜನ ಅತ್ಗೆ ಇಲ್ಲಿ? ಸತ್ತೋರ ಮುಂದೆ ಇಂಗೆ ಓಡ್ತಾರಾ?"

"ಅವನು ಬದುಕಿದ್ದಿದ್ರೆ ಇವರಿಗಿಂತ ಮುಂದೆ ಓಡೋನು," ಎಂದ ಪೆರುಮಾಳ್. "ಅವನ ಕೊಡಾನೂ ಯಾರಾದ್ರೂ ತಗೊಂಡೋಗ್ರಪ್ಪಾ. ಪಾಳಿ ತಪ್ಪಿದ್ರೆ ಎದ್ದು ಬಂದಾನು."

ಯಾರೋ ನಕ್ಕರು. ನಕ್ಕದ್ದಕ್ಕೆ ತಾವೇ ನಾಚಿದರು. ಕುಪ್ಪುಸ್ವಾಮಿ ಹದಿನೇಳನೆಯ ಮನೆಯ ಎರಡು ಕೊಡ ಎತ್ತಿಕೊಂಡು ಓಡಿದ.

ಮನೆಗೆ ಎರಡು ಕೊಡ. ಒಂದು, ಮುಂದಿನ ಎರಡು ದಿನ ಕುಡಿಯುವುದಕ್ಕೆ, ಬೇಯಿಸುವುದಕ್ಕೆ. ಇನ್ನೊಂದು, ಮಣ್ಣು ಮಾಡಿ ಬಂದವರು ತಲೆಗೆ ಹುಯ್ದುಕೊಳ್ಳುವುದಕ್ಕೆ. ಹೆಣದ ಜೊತೆ ಹೋದವನು ತಲೆಗೆ ನೀರು ಬೀಳದೆ ಒಳಗೆ ಕಾಲಿಡುವಂತಿಲ್ಲ. ಗಿಡಕ್ಕೆಂದು ಮೂರನೆಯ ಕೊಡ ಯಾರಿಗೂ ಸಿಗಲಿಲ್ಲ. ಮಾರಿಯಮ್ಮ ಕುಡಿಯುವುದರಲ್ಲೇ ಅರ್ಧ ಕೊಡುತ್ತೇನೆ ಎಂದಳು. ಅವಳ ಮನೆಯಲ್ಲಿ ಏಳು ಜನ. ಯಾರೂ ಒಪ್ಪಲಿಲ್ಲ. ನಲ್ಲಿ ಎರಡು ಸಲ ಗೊರಕೆ ಹೊಡೆದು ನಿಂತುಹೋಯಿತು.

ಕೋದಂಡಪ್ಪನನ್ನು ಹಲಗೆಯ ಮೇಲೆ ಕೂರಿಸಿ ಹಿಡಿದುಕೊಂಡರು. ತಮ್ಮನೇ ನೀರು ಹುಯ್ದ. ಬಿಳಿಯ ಕೂದಲು ಹಣೆಗೆ ಅಂಟಿಕೊಂಡಿತು. ಇಪ್ಪತ್ತೇಳು ವರ್ಷದ ಕಲ್ಲಿನ ಪುಡಿ ಬೆನ್ನಿನ ಚರ್ಮದೊಳಗೆ ಸೇರಿ ನೀಲಿಯಾಗಿದ್ದದ್ದು ಒದ್ದೆಯಾದಾಗ ಇನ್ನಷ್ಟು ಎದ್ದು ಕಂಡಿತು. ಅಮ್ಮಾಜಮ್ಮ ಅದನ್ನು ನೋಡಲಿಲ್ಲ. ಅವಳು ನೀರನ್ನು ನೋಡುತ್ತಿದ್ದಳು. ನೀರು ಬೆನ್ನಿಳಿದು, ಹಲಗೆಯಿಳಿದು, ಮಣ್ಣಿನ ಮೇಲೆ ನಾಲಿಗೆಯ ಹಾಗೆ ಚಾಚಿ, ಕಲ್ಲಿನ ಚರಂಡಿಗೆ ಬಿದ್ದು ಹೊರಟುಹೋಯಿತು. ಬೀದಿಯ ತುದಿಯವರೆಗೂ ಅವಳ ಕಣ್ಣು ಅದರ ಹಿಂದೆಯೇ ಹೋಯಿತು.

"ಮಾರಿಯಮ್ಮಾ," ಎಂದಳು. "ಓಗಿ ಬಂದು ಎಲ್ಲಾರೂ ಎಲ್ಲಿ ನೀರುಯ್ಕಂತಾರೆ?"

"ಅವರವರ ಬಚ್ಚಲಲ್ಲಿ. ಇನ್ನೆಲ್ಲಿ ಅಕ್ಕಾ?"

"ಬಚ್ಚಲ ನೀರು ಎಲ್ಲಿಗೆ ಓಗುತ್ತೆ?"

ಮಾರಿಯಮ್ಮನ ಮುಖ ನಿಧಾನವಾಗಿ ಅರಳಿತು. "ಅಯ್ಯೋ ಅಕ್ಕಾ," ಎಂದಳು, "ಪಾತಿಯೊಳಗೆ ನಿಂತ್ಕಂಡ್ರೆ..."

"ಮನೆಗೊಬ್ಬರು. ಅವರವರ ಗಿಡದ ಪಾತೀಲಿ."

ಮಾತು ಗಾಳಿಗೆ ಸಿಕ್ಕ ಕಿಡಿಯ ಹಾಗೆ ಬೀದಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಹೆಂಗಸರು ಆಗಲೇ ಕೊಡ ಎಣಿಸಲು ಶುರುಮಾಡಿದ್ದರು. ಗಂಡಸರು, ಹೆಣದ ಮುಂದೆ ನಿಂತಿದ್ದೇವೆಂಬುದನ್ನು ಮರೆತು, ಯಾವ ಪಾತಿ ಅಗಲ, ಯಾವುದು ಕಿರಿದು ಎಂದು ಮಾತಾಡತೊಡಗಿದರು.

"ಬೇಡ." ಚಿಕ್ಕಮುನಿಯಪ್ಪ ಚೊಂಬನ್ನು ಕೆಳಗಿಟ್ಟ. "ಸೂತಕದ ನೀರು ಗಿಡಕ್ಕಾ? ನಾಳೆ ಅದರ ನೆರಳಲ್ಲಿ ಯಾರು ಕೂತಾರು? ಅದರ ಅಣ್ಣು ಯಾರು ತಿಂದಾರು?"

"ಎರಡು ವರ್ಷದಿಂದ ಈ ಮೂವತ್ತೊಂದು ಮನೆ ಮುಸುರೆ ಕುಡಿದು ಬೆಳೆದ ಗಿಡ ಅವು," ಎಂದಳು ಅಮ್ಮಾಜಮ್ಮ. "ಅವಕ್ಕೆ ಯಾವ ಮೈಲಿಗೆ ತಾಗುತ್ತೆ ಚಿಕ್ಕಮುನಿಯಪ್ಪಾ?"

"ಎಲ್ಲಾದಕ್ಕೂ ಗಿಡ, ಗಿಡ. ಇದ್ದಾಗ್ಲೂ ಗಿಡ, ಸತ್ತಾಗ್ಲೂ ಗಿಡ." ಅವನ ದನಿ ಒಡೆಯಿತು. ಅದನ್ನು ಮುಚ್ಚಿಕೊಳ್ಳಲು ಇನ್ನಷ್ಟು ಜೋರು ಮಾಡಿದ. "ಊರಲ್ಲಿ ಅವನ ಎರಡೆಕರೆ ಐತೆ. ಬಾವಿ ಐತೆ. ಇಪ್ಪತ್ತೇಳು ವರ್ಷದಲ್ಲಿ ಒಂದು ಮಳೆಗಾಲಕ್ಕೆ ಬಂದು ನನ್ ಜೊತೆ ನೇಗಿಲು ಇಡೀಲಿಲ್ಲ. ಇಲ್ಲಿ ಕಲ್ಲಿನ ಮೇಲೆ ಕೊಡದಲ್ಲಿ ಉಯ್ತಿದ್ದ. ನೀವು ಏನಾದ್ರೂ ಮಾಡ್ಕಳಿ. ನಾನು ಮಣ್ಣಾಕಿ ಊರಿಗೆ ಓಯ್ತೀನಿ. ನಮ್ ಕೆರೇಲಿ ಮುಳುಗ್ತೀನಿ."

"ಅಲ್ಲೀಗಂಟ ಒದ್ದೆ ಇಲ್ದೆ ಬಸ್ಸಲ್ಲಿ ಕೂತ್ಕಂತೀಯಾ?" ಎಂದ ಪೆರುಮಾಳ್.

ಚಿಕ್ಕಮುನಿಯಪ್ಪ ಚಟ್ಟದ ಮುಂದಿನ ಗಳಕ್ಕೆ ಹೆಗಲು ಕೊಟ್ಟ. ಪಾರ್ಕಿನ ಬೇಲಿಯಿಂದ ಬಂದ ಬಿದಿರು ಅದೇ.

*

ಎರಡು ವರ್ಷದ ಹಿಂದೆ ಒಂದು ಸಂಜೆ ಕೋದಂಡಪ್ಪ ಗಣಿಯಿಂದ ಬಂದು ಊಟದ ಡಬ್ಬ ತೆರೆದಾಗ ಒಳಗೆ ಅನ್ನದ ಅಗುಳಿನ ಜೊತೆ ಒಂದು ಚಿಗುರಿತ್ತು. ಬೆಳಕು ಕಾಣದ ಚಿಗುರು. ಬೆಳ್ಳಗೆ, ಹಲ್ಲಿಯ ಮೊಟ್ಟೆಯ ಬಣ್ಣ. ಕೆಳಗೆ ನಿಲ್ಲಿಸಿದ ದಿಮ್ಮಿಯೊಂದು ಸೆಕೆಗೆ, ತೇವಕ್ಕೆ ಚಿಗುರಿತ್ತಂತೆ. ಅಷ್ಟನ್ನು ಹೇಳುವುದಕ್ಕೆ ಅವನಿಗೆ ಅರ್ಧ ಗಂಟೆ ಹಿಡಿದಿತ್ತು. ಅಮ್ಮಾಜಮ್ಮ ಅದನ್ನು ನೀರಿನ ಲೋಟದಲ್ಲಿಟ್ಟಳು. ಮೂರನೆಯ ದಿನ ಅದು ಕೊಳೆಯಿತು.

ಮುಂದಿನ ಭಾನುವಾರ ಅವನು ಬಂಗಾರಪೇಟೆಗೆ ಹೋಗಿ, ಎರಡು ಬುಟ್ಟಿ ತುಂಬ ಸಸಿ ತುಂಬಿಕೊಂಡು ಗಣಿಯ ರೈಲು ಹತ್ತಿದ. ಡಬ್ಬಿಯಲ್ಲಿ ಜಾಗವಿರಲಿಲ್ಲ. ಕೂತವರೆಲ್ಲ ಮಡಿಲಲ್ಲಿ ಒಂದೊಂದು ಸಸಿ ಇಟ್ಟುಕೊಂಡರು. ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದಾಗ ಆ ಮಡಿಲುಗಳಲ್ಲಿ ಹಲವು ಅವನ ಹಿಂದೆಯೇ ಇಳಿದವು. ಅವರೆಲ್ಲ ಒಂದೇ ಲೈನಿನವರು. ಆರುಮುಗಂನ ಮಡಿಲಲ್ಲಿದ್ದದ್ದು ಹೊಂಗೆ. "ಇದನ್ನ ಏನ್ ಮಾಡ್ಲಿ ಅಣ್ಣಾ?" ಎಂದು ಕೇಳಿದ. ಕೋದಂಡಪ್ಪ ಗಣಿಯ ಮರಳು ಹಾರಿ ಬರುವ ದಿಕ್ಕಿಗೆ ಕೈ ತೋರಿಸಿದ. ಚಿನ್ನದ ಕಲ್ಲು ಅರೆಯುವ ಮಿಲ್ಲಿನಿಂದ ಹೊರಬಿದ್ದ ಬೂದು ಮರಳಿನ ಗುಡ್ಡ ಅಲ್ಲಿತ್ತು. ಬೇಸಿಗೆಯಲ್ಲಿ ಅದರ ಪುಡಿ ಅನ್ನದ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಮಲಗಿದ ಕೂಸಿನ ರೆಪ್ಪೆಯ ಮೇಲೆ ಕೂರುತ್ತಿತ್ತು. ಗುಡ್ಡಕ್ಕೂ ಲೈನಿಗೂ ನಡುವೆ ಕಲ್ಲುಪುಡಿ ಸುರಿದ ಒಂದು ಬಯಲು.

ಆರುಮುಗಂ ಮರುಮಾತಾಡದೆ ಆ ಬಯಲಿನ ಕಡೆ ನಡೆದ. ಹಾರೆ ತಂದವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಕತ್ತಲಾಗುವುದರೊಳಗೆ ಮೂವತ್ತೊಂದು ಗುಂಡಿ ಆಗಿದ್ದವು.

ಚಿಕ್ಕಮುನಿಯಪ್ಪ ಒಮ್ಮೆ ಬಂದು ನೋಡಿದ್ದ. ಬೊಗಸೆಯಲ್ಲಿ ಆ ಮಣ್ಣು ಎತ್ತಿ, ಬೆರಳ ಸಂದಿಯಿಂದ ಸುರಿಯಲು ಬಿಟ್ಟು, ನಕ್ಕಿದ್ದ. ಅಣ್ಣ ಹದಿನೇಳನೆಯ ನೇರಳೆಯನ್ನು ತೋರಿಸಿದ. ಊರ ಬಾವಿಯ ಬಳಿಯ ನೇರಳೆಯ ಹಣ್ಣನ್ನು ಇಬ್ಬರೂ ಸಣ್ಣವರಿದ್ದಾಗ ಕಿತ್ತು ತಿಂದು ನಾಲಿಗೆ ಚಾಚಿ ಬಣ್ಣ ನೋಡಿಕೊಳ್ಳುತ್ತಿದ್ದದ್ದು ಚಿಕ್ಕಮುನಿಯಪ್ಪನಿಗೆ ಹೊಳೆದಿತ್ತೋ ಇಲ್ಲವೋ. ಅವನು ಬಸ್ಸಿಗೆ ಹೊತ್ತಾಯಿತೆಂದು ಹೊರಟಿದ್ದ.

*

ಹೆಣ ಬೀದಿಯ ತಿರುವು ದಾಟಿದ ಮೇಲೆ ಹೆಂಗಸರು ಅಳು ನಿಲ್ಲಿಸಿ ಕೊಡ ಎತ್ತಿದರು.

ಅಮ್ಮಾಜಮ್ಮ ಹಲಗೆಯ ಮುಂದೆ ನಿಂತು ಒಂದೊಂದೇ ಬಿಲ್ಲೆ ತೆಗೆದಳು. ಮೊದಲನೆಯದನ್ನು ಮುಟ್ಟುವಾಗ ಕೈ ಒಂದು ಕ್ಷಣ ತಡೆಯಿತು. ಆಮೇಲೆ ತಡೆಯಲಿಲ್ಲ. "ಒಂದು, ನಿಮ್ದು. ಎರಡು, ಕನಕಮ್ಮ. ಮೂರು, ಯಾರು ಮೂರು?" ಬಿಲ್ಲೆಗೆ ದಾರ ಕಟ್ಟಿ ಕೊಡದ ಕೊರಳಿಗೆ ತೊಡಿಸಿ, ಗಿಡದ ಪಕ್ಕಕ್ಕೊಂದು ಕೊಡ ಇಟ್ಟು ಬಂದರು. ಮಾರಿಯಮ್ಮ ಗುದ್ದಲಿ ತಂದು ಪಾತಿಯ ಅಂಚು ಏರಿಸುತ್ತ ಹೋದಳು. "ನಮ್ಮೆಜಮಾನ್ರು ಒಂದು ಚೊಂಬು ಹೆಚ್ಗೆ ಉಯ್ಕೊಂಡ್ರೂ ನಾನು ಕೈ ಹಿಡೀತೀನಿ. ಒಂದನಿ ಆಚೆ ಬೀಳಂಗಿಲ್ಲ." ಬೇರೊಂದು ದಿನವಾಗಿದ್ದರೆ ಹಬ್ಬವೆನ್ನಬೇಕಾದ ಗಡಿಬಿಡಿ ಅಲ್ಲಿತ್ತು. ಅದು ಹಬ್ಬವಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಕಾಲುಗಳು ಓಡುತ್ತಿದ್ದವು.

ಹದಿನೇಳನೆಯ ಗಿಡದ ಪಕ್ಕದಲ್ಲೂ ಒಂದು ಕೊಡ ಇಟ್ಟರು. ಅದು ಚಿಕ್ಕಮುನಿಯಪ್ಪನದು.

ಒಂದೂವರೆಯ ಹೊತ್ತಿಗೆ ಗಂಡಸರು ಬಂದರು. ಮನೆಯ ಕಡೆ ತಿರುಗದೆ ನೆಟ್ಟಗೆ ಪಾರ್ಕಿಗೆ. ಕಾಲಿಗೆ ಕೆಂಪು ಮಣ್ಣು. ತಮ್ಮ ತಮ್ಮ ನಂಬರು ಹುಡುಕಿ, ಅಂಗಿ ಕಳಚಿ ಬೇಲಿಗೆ ಹಾಕಿ, ಪಾತಿಯೊಳಗೆ ಇಳಿದರು. ಒಂದೆರಡು ಕ್ಷಣ ಯಾರೂ ಶುರುಮಾಡಲಿಲ್ಲ. ಮಗ್ಗುಲಲ್ಲಿ ಒಂದೊಂದು ಬಾಡಿದ ಗಿಡ ಇಟ್ಟುಕೊಂಡು, ಬರಿಮೈಯ ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು. ಅವರ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು.

"ನೋಡ್ತಾ ಏನ್ ನಿಂತ್ರಿ? ಉಯ್ಕಳಿ," ಎಂದ ಪೆರುಮಾಳ್. ಅವನೇ ಮೊದಲು ತಲೆಗೆ ಒಂದು ಚೊಂಬು ಸುರಿದುಕೊಂಡ. "ಅಪ್ಪಾ, ಏನ್ ಸುಖ. ಕೋದಂಡ, ನೋಡ್ಲಾ, ನನ್ ಮೈ ತೊಳ್ಸೋ ಯೋಗ ನಿನ್ ಗಿಡಕ್ಕೆ ಬಂತು."

ಆಗ ಎಲ್ಲ ಕೊಡಗಳೂ ಏರಿದವು. ನೀರು ತಲೆಯಿಂದ ಹೆಗಲಿಗೆ, ಹೆಗಲಿಂದ ನೀಲಿ ಕಲೆಯ ಬೆನ್ನಿಗೆ, ಹಿಮ್ಮಡಿಗೆ, ಪಾತಿಗೆ. ಒಣಮಣ್ಣು ಮೊದಲು ನೀರನ್ನು ಒಳಗೆ ಬಿಡದೆ ಉಂಡೆಯುಂಡೆಯಾಗಿ ತೇಲಿಸಿತು. ಆಮೇಲೆ ಸುಯ್ಯೆಂದು ಹೀರಿತು. ಒಣಮಣ್ಣಿಗೆ ನೀರು ಬಿದ್ದ ವಾಸನೆ ಎದ್ದಿತು. ಕುಪ್ಪುಸ್ವಾಮಿಯ ಕೈಯನ್ನು ಮಾರಿಯಮ್ಮ ನಿಜಕ್ಕೂ ಹಿಡಿದಳು. "ನಿಧಾನ, ಬುಡಕ್ಕೆ ಬೀಳ್ಲಿ." "ನನ್ ತಲೆಗೆ ಬೀಳ್ಬೇಕಾ, ಬುಡಕ್ಕಾ?" "ಎರಡಕ್ಕೂ."

ಆರುಮುಗಂ ಕೊನೆಯ ಚೊಂಬನ್ನು ತಲೆಗೆ ಹುಯ್ದುಕೊಳ್ಳಲಿಲ್ಲ. ಹೊಂಗೆಯ ನೆತ್ತಿಗೆ ಸುರಿದ. ಆಮೇಲೆ ಪಾತಿಯಲ್ಲೇ ಕೂತು, ಮುಖಕ್ಕೆ ಎರಡು ಕೈ ಅಡ್ಡ ಹಿಡಿದು, ಬೆಳಗಿನಿಂದ ಅಳದಿದ್ದದ್ದನ್ನೆಲ್ಲ ಅತ್ತ. ಮುಖ ಮೊದಲೇ ಒದ್ದೆಯಾಗಿದ್ದರಿಂದ ಯಾರೂ ಗಮನಿಸಿದ ಹಾಗೆ ಮಾಡಲಿಲ್ಲ.

ಸೈರನ್ನು ಕೂಗಿತು. ಒದ್ದೆ ತಲೆಯ ಗಂಡಸರು ಬಿಲ್ಲೆಗಳನ್ನು ಮೊಳೆಗೆ ಸಿಕ್ಕಿಸುತ್ತ, ಅಂಗಿ ತೊಡುತ್ತ ಗಣಿಯ ಕಡೆ ಓಡಿದರು. ಟಿಣ್ ಟಿಣ್ ಎಂದು ತಗಡಿನ ಸದ್ದು ಒಂದರ ಮೇಲೊಂದು ಬಿತ್ತು. ಆಮೇಲೆ ಪಾರ್ಕು ಮೌನವಾಯಿತು.

ಹದಿನೇಳನೆಯ ಮೊಳೆ ಖಾಲಿ ಇತ್ತು. ಚಿಕ್ಕಮುನಿಯಪ್ಪ ಮಣ್ಣು ಹಾಕಿದವನೇ ರಾಬರ್ಟ್‌ಸನ್‌ಪೇಟೆಗೆ ಬಸ್ಸಿಗೆಂದು ನಡೆದುಬಿಟ್ಟಿದ್ದ.

"ನಾನು ಉಯ್ದುಬಿಡ್ಲಾ ಅಕ್ಕಾ?" ಎಂದಳು ಮಾರಿಯಮ್ಮ. "ಖಾಲಿ ಮೊಳೆ ನೋಡಕ್ಕಾಗಲ್ಲ."

ಅಮ್ಮಾಜಮ್ಮ ಹಲಗೆಯನ್ನು ನೋಡಿದಳು. "ಸುಳ್ಳೇನಲ್ವಲ್ಲ," ಎಂದಳು. "ಕೆಳಗೇ ಅವ್ರೆ."

ಆಡು ಬಂದು ಉರುಳಿಸೀತೆಂದು ಕೊಡವನ್ನು ಮನೆಗೆ ಎತ್ತಿಕೊಂಡು ಬಂದಳು. ಸಂಜೆಯೊಳಗೆ ಯಾರೂ ಬಾರದಿದ್ದರೆ ತಾನೇ ಹುಯ್ಯಬೇಕು. ಹುಯ್ಯುವುದು ಕಷ್ಟವಲ್ಲ. ಆಮೇಲೆ ಆ ಸದ್ದನ್ನೂ ತಾನೇ ಮಾಡುವುದು ಅವಳಿಗೆ ಆಗದ ಕೆಲಸವಾಗಿತ್ತು. ಗೋಡೆಗೊರಗಿ, ಕೊಡದ ಕೊರಳಿನ ಬಿಲ್ಲೆಯನ್ನು ನೋಡುತ್ತ ಕೂತಳು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು, ಒಲೆಯವರೆಗೆ ಚಾಚಿತು, ಹಳದಿಯಾಗತೊಡಗಿತು.

ಆ ಬಿಸಿಲಿಗೆ ಒಂದು ನೆರಳು ಅಡ್ಡ ಬಂತು.

ಅವಳು ತಲೆಯೆತ್ತಿದಳು. ಬಾಗಿಲಲ್ಲಿ, ಒಂದು ಕೈಯನ್ನು ಚೌಕಟ್ಟಿಗೆ ಎತ್ತಿ ಊರಿ, ತಲೆ ತಗ್ಗಿಸಿ ಗಂಡಸೊಬ್ಬ ನಿಂತಿದ್ದ. ಬೆಳಕು ಹಿಂದಿನಿಂದ ಬೀಳುತ್ತಿದ್ದರಿಂದ ಮುಖ ಕಾಣಲಿಲ್ಲ. ಕಾಲು ಕಂಡಿತು. ಕೆಂಪು ಮಣ್ಣು ಇನ್ನೂ ಹಾಗೇ ಇತ್ತು, ಅದರ ಮೇಲೆ ರಸ್ತೆಯ ಬಿಳಿ ಧೂಳು. ತಲೆಗೂದಲು ಒಣಗಿತ್ತು.

ಬಸ್ಸು ಬರಲಿಲ್ಲವಾ ಎಂದು ಅವಳು ಕೇಳಲಿಲ್ಲ. ಚಿಕ್ಕಮುನಿಯಪ್ಪ ಒಳಗೆ ಕಾಲಿಡಲಿಲ್ಲ; ಹಿಂದಕ್ಕೂ ಹೋಗಲಿಲ್ಲ. ಹಾಗೇ ನಿಂತಿದ್ದ.

ಅವಳು ಎದ್ದು ಕೊಡ ಎತ್ತಿದಳು. ಅವನು ದಾರಿ ಬಿಟ್ಟು ಹಿಂದೆ ಬಂದ. ನೇರಳೆಯ ಪಕ್ಕದಲ್ಲಿ ಕೊಡವನ್ನು ಇಳಿಸಿ, ಬಿಲ್ಲೆಯ ದಾರವನ್ನು ಬಿಚ್ಚಿ ಅದರ ಬಾಯಿಯ ಮೇಲಿಟ್ಟು, ತಿರುಗಿ ನೋಡದೆ ಮನೆಗೆ ಬಂದಳು. ಹೊಸ್ತಿಲ ಒಳಗೆ ಬಾಗಿಲಿಗೆ ಬೆನ್ನು ಮಾಡಿ ನಿಂತಳು. ನೀರು ಬೀಳುವ ಸದ್ದು ಅಷ್ಟು ದೂರಕ್ಕೆ ಕೇಳುವಂಥದ್ದಲ್ಲ. ಅವಳು ಕಾದಳು.

ಬಹಳ ಹೊತ್ತಾದ ಮೇಲೆ, ಟಿಣ್ ಎಂದಿತು.

ಅವಳು ತಟ್ಟೆಗೆ ಕೈ ಚಾಚಿದಳು.